ಚೈನ್ ಎರಡಾಗದಂಗ ಬ್ಲಾಕ್ ಸಾಮರ್ಥ್ಯ ಹೆಚ್ಚಿಸೋದು ಹ್ಯಾಂಗ? ಕಲಬುರಗಿಯ ನಮ್ಮ ಟೆಸ್ಟ್ ನೆಟ್‌ವರ್ಕಿಗೆ ಸಲಹೆ ಬೇಕ್ರಿ

ಗಂಜ್_ಹುಡುಗ:
ಎಲ್ಲರಿಗೂ ಶರಣು. ನಾವು ಕಲಬುರಗಿ ಇಂಜಿನಿಯರಿಂಗ್ ಕಾಲೇಜೊಂದರ ಕೊನೇ ವರ್ಷದ ಹುಡುಗರು. ಪ್ರಾಜೆಕ್ಟ್ ಸಲುವಾಗಿ ಬಿಟ್‌ಕಾಯಿನ್‌ನ ಹಳೇ ವಿನ್ಯಾಸ ನೋಡಿ ನಮ್ಮದೇ ಒಂದು ಸಣ್ಣ ಚೈನ್ (ವಹಿವಾಟುಗಳನ್ನ ಬ್ಲಾಕ್ ಅನ್ನೋ ಪುಟಗಳಾಗಿ ಒಂದಕ್ಕೊಂದು ಜೋಡಿಸಿದ ಲೆಕ್ಕದ ಪುಸ್ತಕ) ಬರ್ದೀವಿ. ನಾಣ್ಯಕ್ಕ ಬೆಲೆ ಇಲ್ಲ, ಕಲಿಯೋಕಷ್ಟ. ನೋಡ್‌ಗಳು (ಈ ಪುಸ್ತಕದ ಪ್ರತಿ ಇಟ್ಟು ಪರೀಕ್ಷೆ ಮಾಡೋ ಕಂಪ್ಯೂಟರ್‌ಗಳು) ಕಾಲೇಜ್ ಲ್ಯಾಬಿನಾಗ, ಬೀದರಿನಾಗ, ಶಹಾಪುರ, ಸೇಡಂ, ಆಳಂದದಾಗ ಗೆಳೆಯರ ಮನಿಯೊಳಗ ಓಡ್ತಾವ. ಬ್ಲಾಕಿನ ಮಿತಿ 1 ಎಂಬಿ, ಹತ್ತು ನಿಮಿಷಕ್ಕೊಂದು ಬ್ಲಾಕ್. ಲೋಡ್ ಟೆಸ್ಟ್ ಹಚ್ಚಿದ್ರ ಮೆಂಪೂಲ್ (ಬ್ಲಾಕಿಗೆ ಸೇರೋಕ ಕಾಯೋ ವಹಿವಾಟುಗಳ ಸಾಲು) ತುಂಬಿ ಅಲ್ಲೇ ಕೂಡ್ತದ.

ಮಿತಿ 1 ಇದ್ದದ್ದು 4 ಮಾಡೋದು ಕೋಡಿನಾಗ ಒಂದೇ ಸಾಲಿನ ಕೆಲಸ. ಆದ್ರ ಗೆಳೆಯರೆಲ್ಲ ತೊಗರಿ ರಾಶಿ ಅಂತ ಊರಿಗೆ ಹೋಗ್ಯಾರ. ಅರ್ಧ ಮಂದಿ ಹೊಸ ಆವೃತ್ತಿ ಹಾಕಿ, ಅರ್ಧ ಮಂದಿ ಹಳೇದೇ ಓಡಿಸಿದ್ರ ಚೈನ್ ಎರಡಾಗ್ತದ. ಅವರು ಮುಟ್ಟದಿದ್ರೂ ನಡೀಬೇಕು, ಸಾಮರ್ಥ್ಯನೂ ಹೆಚ್ಚಾಗಬೇಕು. ಇದಕ್ಕ ದಾರಿ ಅದ ಏನ್ರಿ?

ಭೀಮಾತೀರ:
ತಮ್ಮಾ, ನಾನು ಅಫಜಲಪುರ ಕಡೆಯವನು, ಈಗ ಬೆಂಗಳೂರಿನಲ್ಲಿ ಇದೇ ಕೆಲಸ. ದಾರಿ ಇದೆ. ಮೊದಲು ಒಂದು ವಿಷಯ ಗಟ್ಟಿ ಮಾಡ್ಕೋ.

ನಿಯಮವನ್ನು ಬಿಗಿ ಮಾಡಿದರೆ ಹಳೇ ನೋಡ್‌ಗಳು ಹೊಸ ಬ್ಲಾಕನ್ನೂ ಒಪ್ಪುತ್ತವೆ. ಅದು ಸಾಫ್ಟ್ ಫೋರ್ಕ್. ಸಡಿಲ ಮಾಡಿದರೆ ಒಪ್ಪುವುದಿಲ್ಲ. ಅದು ಹಾರ್ಡ್ ಫೋರ್ಕ್. ಶಹಾಪುರದ ನೋಡಿಗೆ 1 ಎಂಬಿ ಅಂತ ಗೊತ್ತಿರುವಾಗ ನೀನು 1.1 ಎಂಬಿ ಬ್ಲಾಕ್ ಕಳಿಸಿದರೆ, ಅದರ ಹಿಂದೆ ಎಷ್ಟೇ ಹ್ಯಾಶ್ ಪವರ್ (ಬ್ಲಾಕ್ ಕಟ್ಟೋಕೆ ಹಾಕೋ ಕಂಪ್ಯೂಟರ್ ಶಕ್ತಿ) ಇದ್ದರೂ ಅದು ತಳ್ಳಿಹಾಕುತ್ತದೆ. ಬ್ಲಾಕ್ ಕಟ್ಟೋ ಮೈನರ್‌ಗಳೆಲ್ಲ ನಿನ್ನ ಕಡೆಗಿದ್ದರೂ ಅಷ್ಟೇ. ಹಳೇ ನೋಡ್ ಬಹುಮತವನ್ನು ನೋಡುವುದಕ್ಕೆ ಮುಂಚೆ ನಿಯಮವನ್ನು ನೋಡುತ್ತದೆ.

ಹಾಗಾದರೆ ನಿಯಮ ಬಿಗಿ ಮಾಡುತ್ತಲೇ ಜಾಗ ಹೆಚ್ಚಿಸೋದು ಹೇಗೆ? ಬಹಳ ವರ್ಷ ಇದು ಆಗದ ಮಾತು ಅಂತಲೇ ಜನ ಅಂದುಕೊಂಡಿದ್ದರು. 2015ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನ ಸಭೆಯಲ್ಲಿ ಬಿಟ್‌ಕಾಯಿನ್ ಡೆವಲಪರ್ ಪೀಟರ್ ವ್ಯೂಲೆ ಸೆಗ್‌ವಿಟ್ ಮುಂದಿಟ್ಟರು, ಅಂದರೆ ಸಹಿಯನ್ನು ಬೇರೆ ಇಡೋ ಉಪಾಯ. ನಿಮ್ಮ ಚೈನಿಗೂ ಅದೇ ಹೊಂದುತ್ತೆ ಅನ್ನೋದು ನನ್ನ ಅಭಿಪ್ರಾಯ. ವಹಿವಾಟಿನಲ್ಲಿ ಜಾಗ ತಿನ್ನೋದು ಸಹಿ. ಒಂದು ಇನ್‌ಪುಟ್ (ಖರ್ಚಾಗೋ ಹಣ), ಎರಡು ಔಟ್‌ಪುಟ್ (ಹಣ ಹೋಗೋ ಕಡೆ) ಇರೋ ಹಳೇ ಮಾದರಿಯ ವಹಿವಾಟು ಸುಮಾರು 226 ಬೈಟ್. ಅದರಲ್ಲಿ ಸಹಿ ಮತ್ತು ಪಬ್ಲಿಕ್ ಕೀ (ಸಹಿ ಪರೀಕ್ಷಿಸೋ ಕೀಲಿ) ಸೇರಿ 107ರ ಆಸುಪಾಸು. ಅವುಗಳನ್ನು ಹಳೇ ನೋಡ್ ಎಣಿಸುವ ಭಾಗದಿಂದ ಹೊರಗೆ ತೆಗೆದು, ಅವುಗಳ ಹ್ಯಾಶ್ (ಬೆರಳಚ್ಚಿನಂಥ ಗುರುತು ಸಂಖ್ಯೆ) ಒಂದನ್ನು ಮಾತ್ರ ಕಾಯಿನ್‌ಬೇಸ್ (ಮೈನರ್‌ಗೆ ಬಹುಮಾನ ಕೊಡೋ) ವಹಿವಾಟಿನಲ್ಲಿ ಬರೆಯಬೇಕು. ಹಳೇ ನೋಡಿಗೆ ಹೋಗೋದು ಸಹಿ ತೆಗೆದ, 1 ಎಂಬಿ ಒಳಗಿನ ಬ್ಲಾಕ್. ಹೊಸ ನೋಡಿಗೆ ಪೂರ್ತಿ ಬ್ಲಾಕ್. ಚೈನ್ ಒಂದೇ.

ಅಡತ_ಅಂಗಡಿ:
ಶರಣ್ರಿ. ನಾನು ನೆಹರು ಗಂಜಿನಾಗ ಅಡತಿ ಲೆಕ್ಕ ಬರಿಯಾಂವ. ಕಂಪ್ಯೂಟರ್ ಮಂದಿ ಅಲ್ಲ, ಆದ್ರ ಮಗ ಈ ಚರ್ಚೆ ತೋರ್ಸಿದ, ಓದಾಕ ಹತ್ತೀನಿ. ನಾ ತಿಳ್ಕೊಂಡಿದ್ದು ಹಿಂಗ: ಕಿರ್ದಿ ಪುಸ್ತಕದಾಗ ರೈತರ ಹೆಬ್ಬೆಟ್ಟು, ಸಹಿ ಎಲ್ಲಾ ಅಲ್ಲೇ ಹಾಕಿಸ್ಕೊಂಡ್ರ ಒಂದು ಪುಟಕ್ಕ ನಾಲ್ಕು ಮಂದಿ ಲೆಕ್ಕ ಹಿಡಿತದ. ಸಹಿ ಚೀಟಿ ಬ್ಯಾರೆ ಕಟ್ಟಿ ಇಟ್ಟು, ಕಿರ್ದಿಯೊಳಗ ಆ ಕಟ್ಟಿನ ನಂಬರ್ ಅಷ್ಟ ಬರದ್ರ ಅದೇ ಪುಟದಾಗ ಏಳೆಂಟು ಮಂದಿ ಲೆಕ್ಕ ಕೂಡ್ತದ. ಪುಸ್ತಕ ಅದೇ, ಪುಟದ ಅಳತಿ ಅದೇ. ಇದೇ ಅಲ್ರಿ?

ಭೀಮಾತೀರ:
ಸಾಹುಕಾರ್ರೆ, ಅದೇ. ಒಂದೇ ಒಂದು ಮಾತು ಸೇರಿಸ್ತೀನಿ. ಒಂದು ಚೀಟಿಯಲ್ಲಿ ಒಂದಕ್ಷರ ತಿದ್ದಿದರೂ ಆ ಕಟ್ಟಿನ ನಂಬರೇ ಬದಲಾಗುತ್ತದೆ. ಹಾಗಾಗಿ ಬೇರೆ ಇಟ್ಟರೂ ಮೋಸ ಮಾಡೋಕೆ ಬರೋದಿಲ್ಲ.

ಬಿಟ್‌ಕಾಯಿನ್‌ನಲ್ಲಿ ಇದರ ಲೆಕ್ಕ ಹೀಗಿದೆ: ಸಹಿಯಲ್ಲದ ಪ್ರತಿ ಬೈಟಿಗೆ 4 ತೂಕ, ಸಹಿಯ ಪ್ರತಿ ಬೈಟಿಗೆ 1 ತೂಕ, ಒಟ್ಟು 40 ಲಕ್ಷ ದಾಟಬಾರದು. ನಾನು ಹೇಳಿದ 226 ಬೈಟ್ ವಹಿವಾಟು ಸೆಗ್‌ವಿಟ್ ಮಾದರಿಯಲ್ಲಿ ಸುಮಾರು 141ರಷ್ಟು ಜಾಗದ ಲೆಕ್ಕಕ್ಕೆ ಇಳಿಯುತ್ತದೆ. ನಿಮ್ಮ ಚೈನಿಗೆ ಹಾಕಿ ನೋಡಿದರೆ ಸೆಕೆಂಡಿಗೆ ಏಳು ಚಿಲ್ಲರೆ ವಹಿವಾಟು ಇದ್ದದ್ದು ಹನ್ನೊಂದು ಚಿಲ್ಲರೆ ಆಗುತ್ತೆ.

ಬಿದ್ರಿ_ಹೂಜಿ:
ನಾನು ಬೀದರಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡ್ತೀನಿ. ಭೀಮಾತೀರ ಅವರ ವಿವರಣೆ ಸರಿ, ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಹಳೇ ನೋಡ್ ಹೊಸ ಬ್ಲಾಕನ್ನು ಒಪ್ಪುತ್ತದೆ ಅಂತೀರಿ. ಯಾಕೆ ಒಪ್ಪುತ್ತದೆ? ಅದಕ್ಕೆ ಆ ಔಟ್‌ಪುಟ್‌ಗಳು ಯಾರು ಬೇಕಾದರೂ ಖರ್ಚು ಮಾಡಬಹುದಾದ ಹಣದ ಹಾಗೆ ಕಾಣುತ್ತವೆ. ಸಹಿಯೇ ಅದರ ಕಣ್ಣಿಗೆ ಬೀಳೋದಿಲ್ಲ. ಸೇಡಂನ ಹುಡುಗ ತನ್ನ ನೋಡ್ ಎಲ್ಲವನ್ನೂ ಪರೀಕ್ಷಿಸುತ್ತಿದೆ ಅಂತ ನಂಬಿಕೊಂಡಿರ್ತಾನೆ. ನಿಜದಲ್ಲಿ ಅರ್ಧ ವಹಿವಾಟನ್ನು ಅದು ಸುಮ್ಮನೆ ಒಪ್ಪಿಕೊಳ್ತಿರುತ್ತೆ. ಹಾರ್ಡ್ ಫೋರ್ಕ್ ಆದರೆ ಅವನ ನೋಡ್ ನಿಂತುಹೋಗುತ್ತದೆ, ನಿಂತದ್ದು ಅವನಿಗೆ ಗೊತ್ತಾಗುತ್ತದೆ, ಬಂದು ಸರಿಮಾಡ್ತಾನೆ. ಅವನಿಗೆ ತಿಳಿಸದೆ ನಿಯಮ ಬದಲಿಸೋದಕ್ಕಿಂತ ಅದು ಪ್ರಾಮಾಣಿಕ.

ಇನ್ನೊಂದು ಮಾತು. 1 ಎಂಬಿ ಮಿತಿ ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ, 2010ರಲ್ಲಿ ಬಿಟ್‌ಕಾಯಿನ್ ಕಟ್ಟಿದ ಸತೋಶಿಯೇ ಸೇರಿಸಿದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಮುಂದೆ ಬೇಕಾದರೆ ಇಂಥ ಬ್ಲಾಕ್ ಸಂಖ್ಯೆಯಿಂದಾಚೆ ದೊಡ್ಡ ಮಿತಿ ಅಂತ ಬಹಳ ಮುಂಚೆಯೇ ಕೋಡಿನಲ್ಲಿ ಬರೆದಿಡಬಹುದು ಅಂತಲೂ ಸೂಚಿಸಿದ್ದರು. ಉದಾಹರಣೆಗೆ ಕೊಟ್ಟ ಸಂಖ್ಯೆ 1,15,000. ಆ ಸಂಖ್ಯೆ ಬರೋ ಹೊತ್ತಿಗೆ ಹಳೇ ಆವೃತ್ತಿಗಳೆಲ್ಲ ತಾವಾಗಿಯೇ ಮರೆಯಾಗಿರ್ತಾವೆ ಅನ್ನೋದು ಲೆಕ್ಕ.

ಭೀಮಾತೀರ:
ಅಕ್ಕಾರೆ, ನಿಮ್ಮ ಮೊದಲನೇ ಮಾತಿನಲ್ಲಿ ತೂಕ ಇದೆ. ಹಳೇ ನೋಡ್ ಪೂರ್ತಿ ಪರೀಕ್ಷೆ ಮಾಡೋದಿಲ್ಲ, ನಿಜ. ಆದರೆ ಸೇಡಂ ಹುಡುಗನ ಸ್ವಂತ ನಾಣ್ಯ ಹಳೇ ಮಾದರಿಯ ವಿಳಾಸದಲ್ಲಿದ್ದರೆ, ಅದರ ಸಹಿಯನ್ನು ಅವನ ನೋಡ್ ಎಂದಿನಂತೆಯೇ ಪರೀಕ್ಷಿಸುತ್ತೆ. ಅವನು ಚೈನಿನ ಹೊರಗೆ ಬೀಳೋದಿಲ್ಲ, ಹಣ ಕಳಿಸೋದು ತಗೊಳ್ಳೋದು ನಿಲ್ಲೋದಿಲ್ಲ. ಹೊಸದಕ್ಕೆ ಯಾವಾಗ ಬರಬೇಕು ಅನ್ನೋದನ್ನು ಅವನೇ ತೀರ್ಮಾನಿಸ್ತಾನೆ. ನನಗೆ ದೊಡ್ಡದಾಗಿ ಕಾಣೋದು ಇದು: ಬದಲಾವಣೆ ಒಪ್ಪದವನನ್ನು, ಅಥವಾ ಸುದ್ದಿಯೇ ಮುಟ್ಟದವನನ್ನು, ನಾವು ಏನು ಮಾಡ್ತೀವಿ ಅನ್ನೋದು.

ಎರಡನೇ ಮಾತು, ದೂರದ ಬ್ಲಾಕ್ ಸಂಖ್ಯೆ ಗೊತ್ತು ಮಾಡೋದು. ಎಲ್ಲರೂ ಒಪ್ಪಿದ್ದರೆ ಅದರಷ್ಟು ಸರಳ ಬೇರೊಂದಿಲ್ಲ. 2015ರ ಹೊತ್ತಿಗೆ ಒಪ್ಪಿಗೆ ಮುರಿದಿತ್ತು. ಡೆವಲಪರ್‌ಗಳಾದ ಗ್ಯಾವಿನ್ ಆಂಡ್ರೆಸನ್, ಮೈಕ್ ಹರ್ನ್ ಬಿಟ್‌ಕಾಯಿನ್ ಎಕ್ಸ್‌ಟಿ ಅನ್ನೋ ದೊಡ್ಡ ಬ್ಲಾಕಿನ ಆವೃತ್ತಿ ತಂದರು: ಮೊದಲು 8 ಎಂಬಿ, ಆಮೇಲೆ ಎರಡು ವರ್ಷಕ್ಕೊಮ್ಮೆ ದುಪ್ಪಟ್ಟು, 2036ರ ಹೊತ್ತಿಗೆ 8 ಜಿಬಿ. ಅದಕ್ಕೆ ಬೇಕಾದ ಬೆಂಬಲ ಬರಲಿಲ್ಲ.

ಸುರಪುರ_ಕೋಟೆ:
8 ಎಂಬಿ ಅಂದಕೂಡ್ಲೇ ನಾ ನಡುವ ಬರ್ತೀನ್ರಿ. ನಾನು ಸುರಪುರದಾಗ ಮನಿಯೊಳಗ ಬಿಟ್‌ಕಾಯಿನ್ ನೋಡ್ ಓಡಸ್ತೀನಿ, ಮೊಬೈಲ್ ಹಾಟ್‌ಸ್ಪಾಟ್ ಮ್ಯಾಗ. 1 ಎಂಬಿ ಬ್ಲಾಕ್ ಅಂದ್ರ ದಿನಕ್ಕ 144 ಎಂಬಿ, ವರ್ಷಕ್ಕ 52 ಜಿಬಿ ಚಿಲ್ಲರೆ. 8 ಎಂಬಿ ಆದ್ರ ದಿನಕ್ಕ 1.15 ಜಿಬಿ, ವರ್ಷಕ್ಕ 420 ಜಿಬಿ. ಇದು ಬರೇ ಇಳಿಸಿಕೊಳ್ಳೋದು, ಬ್ಯಾರೆಯವರಿಗೆ ಕೊಡೋದು ಬ್ಯಾರೆ. ದಿನಕ್ಕ 2 ಜಿಬಿ ಪ್ಯಾಕ್ ಇದ್ದಾಂವ ಮನಿ ಮಂದಿಗೆ ಏನ್ ಬಿಡ್ತಾನ? ಬ್ಯಾಸಿಗ್ಯಾಗ ಕರೆಂಟ್ ಹೋಗಿ ಬಂದಮ್ಯಾಗ ಹಿಂದುಳಿದ ಬ್ಲಾಕ್ ಹಿಡಿಯೋದೇ ಒಂದು ಕೆಲಸ ಆಗ್ತದ.

ಮಿತಿ ಹೆಚ್ಚಿಸ್ರಿ ಅನ್ನೋರ ಮಾತಿನಾಗ ಯಾವಾಗ್ಲೂ ಡಾಟಾ ಸೆಂಟರ್ ಇರ್ತದ, ನಮ್ಮಂಥೋರ ಮನಿ ಇರಂಗಿಲ್ಲ. ಚೈನ್ ಎರಡಾಗಲಿಲ್ಲ ಅಂದ್ರೂ ನಾವು ಒಬ್ಬೊಬ್ಬರ ನೋಡ್ ಬಂದ್ ಮಾಡ್ಕೋತ ಹೋದ್ರ ಅದೂ ಒಡದಂಗೇ. ಹಳ್ಳಿ ಮಂದಿ ಒಂದು ಕಡೆ, ಸರ್ವರ್ ಇದ್ದೋರು ಒಂದು ಕಡೆ.

ಗಂಜ್_ಹುಡುಗ ತಮ್ಮಾ, ನಿನಗೊಂದು ಮಾತು. ಫೋರ್ಕ್ ಗೀರ್ಕ್ ಆಮ್ಯಾಗ. ಮೊದಲು ಬ್ಯಾಚಿಂಗ್ ನೋಡು. ನಿನ್ನ ಲೋಡ್ ಟೆಸ್ಟಿನಾಗ ಒಬ್ಬಾಂವ ಹತ್ತು ಮಂದಿಗೆ ಕಳಸ್ತಾನಂದ್ರ ಹತ್ತು ವಹಿವಾಟು ಮಾಡ್ತೀಯೋ, ಒಂದೋ? ಹತ್ತು ಸಲ ಅಂದ್ರ 2,260 ಬೈಟ್. ಒಂದೇ ಇನ್‌ಪುಟ್ಟು, ಹತ್ತು ಮಂದಿಗೆ ಹತ್ತು ಔಟ್‌ಪುಟ್ಟು, ಚಿಲ್ಲರೆ ವಾಪಸ್ ಬರೋದು ಒಂದು, ಎಲ್ಲಾ ಸೇರಿ 532 ಬೈಟ್. ನಾಲ್ಕು ಪಟ್ಟು ಉಳಿತಾಯ. ಯಾರ ನೋಡೂ ಮುಟ್ಟಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಗಂಜ್_ಹುಡುಗ:
ಅಣ್ಣಾ, ನಮ್ಮ ವಾಲೆಟ್ ಹತ್ತು ವಹಿವಾಟೇ ಮಾಡ್ತದ. ಇವತ್ತ ರಾತ್ರಿನೇ ಬದಲಸ್ತೀವಿ.

ಒಂದು ಪ್ರಶ್ನೆ ಎಲ್ಲರಿಗೂ: 2017ರಾಗ ಬಿಟ್‌ಕಾಯಿನ್ ಒಡೀತಲ್ಲ, ಸೆಗ್‌ವಿಟ್ ಇದ್ದೂ ಯಾಕ ಒಡೀತು? ನಮ್ಮ ಗೈಡ್ ಇದನ್ನ ಕೇಳೇ ಕೇಳ್ತಾರ.

ಭೀಮಾತೀರ:
ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಸಾಮರ್ಥ್ಯದ ಪ್ರಶ್ನೆ ಎಲ್ಲಿ ತಂತ್ರಜ್ಞಾನದಿಂದ ಜನರ ಕೈಗೆ ದಾಟುತ್ತದೆ ಅನ್ನೋದು ಇಲ್ಲಿ ಕಾಣುತ್ತೆ.

ಸೆಗ್‌ವಿಟ್ ಕೋಡ್ ಸಿದ್ಧವಾಗಿ 2016ರ ನವೆಂಬರ್‌ನಲ್ಲಿ ಮೈನರ್‌ಗಳ ಸೂಚನೆ ಎಣಿಸೋಕೆ ಶುರುವಾಯ್ತು. 2,016 ಬ್ಲಾಕ್‌ಗಳ ಒಂದು ಅವಧಿಯಲ್ಲಿ ಶೇ. 95ರಷ್ಟು ಬ್ಲಾಕ್‌ಗಳು ಸಿದ್ಧ ಅಂತ ಗುರುತು ಹಾಕಬೇಕು. ತಿಂಗಳುಗಟ್ಟಲೆ ಶೇ. 30ರ ಸುತ್ತಮುತ್ತಲೇ ನಿಂತಿತು. ಗುರುತು ಹಾಕೋದು ಸಿದ್ಧತೆ ತಿಳಿಸೋಕೆ ಇಟ್ಟದ್ದು. ಅದನ್ನು ಕೆಲವರು ಮತ ಅಂತ ಮಾಡ್ಕೊಂಡರು, ತಡೆಯೋ ಅಧಿಕಾರ ಅಂತ ಬಳಸಿದರು. ಕೆಲವು ಮೈನಿಂಗ್ ಯಂತ್ರಗಳಲ್ಲಿ ಕೆಲಸ ಕಡಿಮೆ ಮಾಡಿ ಬ್ಲಾಕ್ ಹುಡುಕೋಕೆ ಗುಟ್ಟಾಗಿ ಬಳಸಬಹುದಾದ ಎಸಿಕ್‌ಬೂಸ್ಟ್ ಎಂಬ ಉಪಾಯ ಸೆಗ್‌ವಿಟ್ ಬಂದರೆ ಕೆಲಸ ಮಾಡೋದಿಲ್ಲ ಅಂತ 2017ರ ಏಪ್ರಿಲ್‌ನಲ್ಲಿ ಬಿಟ್‌ಕಾಯಿನ್ ಡೆವಲಪರ್ ಗ್ರೆಗರಿ ಮ್ಯಾಕ್ಸ್‌ವೆಲ್ ಬಹಿರಂಗವಾಗಿ ಬರೆದರು. ಅಪನಂಬಿಕೆ ಇನ್ನೂ ಬೆಳೀತು.

ಆಗ ಸಾಮಾನ್ಯ ನೋಡ್ ನಡೆಸೋರು ಎದ್ದರು. ಬಿಪ್ 148 (ಬಿಪ್ ಅಂದರೆ ಬಿಟ್‌ಕಾಯಿನ್ ಬದಲಾವಣೆಯ ಪ್ರಸ್ತಾಪ) ಅಂತ ಒಂದು ನಿಯಮ: 2017ರ ಆಗಸ್ಟ್ 1ರಿಂದ ಸೆಗ್‌ವಿಟ್ ಗುರುತು ಇಲ್ಲದ ಬ್ಲಾಕನ್ನು ನಮ್ಮ ನೋಡ್ ಒಪ್ಪೋದಿಲ್ಲ. ಅದು ಅಪಾಯದ ಹೆಜ್ಜೆಯೇ, ಅದರಿಂದಲೂ ಚೈನ್ ಒಡೆಯಬಹುದಿತ್ತು. ಆ ಒತ್ತಡದಲ್ಲಿ ಮೈನರ್‌ಗಳು ಶೇ. 80 ಬ್ಲಾಕ್‌ಗಳ ಗುರುತು ಸಾಕು ಅನ್ನೋ ಬಿಪ್ 91 ಒಪ್ಪಿಕೊಂಡು ಗುರುತು ಹಾಕತೊಡಗಿದರು. ಆಗಸ್ಟ್ 24ರಂದು 4,81,824ನೇ ಬ್ಲಾಕಿಗೆ ಸೆಗ್‌ವಿಟ್ ಜಾರಿಯಾಯ್ತು. ಅಷ್ಟರೊಳಗೆ ಆಗಸ್ಟ್ 1ರಂದು ದೊಡ್ಡ ಬ್ಲಾಕ್ ಬೇಕೆಂದವರು 8 ಎಂಬಿ ಮಿತಿಯೊಂದಿಗೆ ಬಿಟ್‌ಕಾಯಿನ್ ಕ್ಯಾಶ್ ಅಂತ ಬೇರೆಯಾಗಿದ್ದರು. ಸೆಗ್‌ವಿಟ್‌ನಿಂದ ಒಡೀಲಿಲ್ಲ ತಮ್ಮಾ, ಮಿತಿ ಸಡಿಲ ಮಾಡಿದ ಹಾರ್ಡ್ ಫೋರ್ಕ್‌ನಿಂದ ಒಡೀತು. ಅದೂ ಜಗಳ ಹಣ್ಣಾದ ಮೇಲೆ. ಬೇರೆಯಾದ ಆ ಚೈನ್ ಮತ್ತೆ 2018ರ ನವೆಂಬರ್‌ನಲ್ಲಿ ಎರಡಾಯ್ತು.

ಅಡತ_ಅಂಗಡಿ:
ನಡುವ ಒಂದು ಸಣ್ಣ ಪ್ರಶ್ನೆ. ಒಡದ್ರ ಕೈಯಾಗಿದ್ದ ನಾಣ್ಯ ಎರಡೂ ಕಡೆ ಸಿಗ್ತಾವ ಅಂತ ಕೇಳೀನಿ. ಹಂಗಾದ್ರ ಇಟ್ಟುಕೊಂಡಾಂವಗ ಲಾಭ ಅಲ್ರಿ? ಯಾಕ ಇಷ್ಟ ಹೆದರಬೇಕು?

ಬಿದ್ರಿ_ಹೂಜಿ:
ನಾಣ್ಯದ ಸಂಖ್ಯೆ ಎರಡಾಗುತ್ತದೆ ಸಾಹುಕಾರ್ರೆ, ಬೆಲೆ ಎರಡಾಗೋದಿಲ್ಲ. ಅಪಾಯವೂ ಇದೆ. 2016ರ ಜುಲೈ 20ರಂದು ಡಿಎಒ ಅನ್ನೋ ಹೂಡಿಕೆ ನಿಧಿಯಿಂದ ಕಳವಾದ ಹಣ ವಾಪಸ್ ತರೋಕೆ ಅಂತ ಇನ್ನೊಂದು ಚೈನ್ ಆದ ಇಥೀರಿಯಂ ಹಾರ್ಡ್ ಫೋರ್ಕ್ ಮಾಡಿತು. ಒಪ್ಪದವರು ಹಳೇ ಚೈನಿನಲ್ಲೇ ಉಳಿದು ಇಥೀರಿಯಂ ಕ್ಲಾಸಿಕ್ ಆಯ್ತು. ಒಂದು ಚೈನಿನಲ್ಲಿ ಸಹಿ ಮಾಡಿದ ವಹಿವಾಟು ಇನ್ನೊಂದರಲ್ಲೂ ಹಾಗೆಯೇ ನಡೆಯುತ್ತಿತ್ತು. ಒಂದು ಕಡೆ ಕೊಟ್ಟೆ ಅಂತ ತಿಳಿದವರ ನಾಣ್ಯ ಇನ್ನೊಂದು ಕಡೆಯೂ ಹೋಯ್ತು. ರೀಪ್ಲೇ ಅಂತಾರೆ ಇದಕ್ಕೆ. ಮುಂದಿನ ಫೋರ್ಕ್‌ಗಳಲ್ಲಿ ಅದಕ್ಕೆ ರಕ್ಷಣೆ ಹಾಕಿದರು. ಜೊತೆಗೆ ಭದ್ರತೆ ಕೊಡೋ ಹ್ಯಾಶ್ ಪವರ್ ಎರಡು ಕಡೆ ಹಂಚಿಹೋಗುತ್ತದೆ. ಮಗ ಈ ನಾಣ್ಯಗಳಲ್ಲಿ ಹಣ ಹಾಕೋ ವಿಚಾರದಲ್ಲಿದ್ದರೆ ಇಷ್ಟು ಹೇಳಿ: ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬರೋದಿಲ್ಲ.

ಆದರೆ ಭೀಮಾತೀರ ಅವರಿಗೆ ಒಂದು ಮಾತು ಹೇಳಲೇಬೇಕು. ಇಥೀರಿಯಂ ಆಮೇಲೆ ಎಷ್ಟೋ ಹಾರ್ಡ್ ಫೋರ್ಕ್ ಮಾಡಿದೆ. 2024ರ ಮಾರ್ಚ್ 13ರ ಡೆಂಕನ್ ಅನ್ನೋ ಬದಲಾವಣೆ ನೋಡಿ. ಬ್ಲಾಬ್ ಅನ್ನೋ ಹೊಸ ಜಾಗ ಬಂತು, ಒಂದೊಂದು 128 ಕೆಬಿ, ಸುಮಾರು 18 ದಿನ ಇಟ್ಟು ಅಳಿಸೋದು. ಮೇಲಿನ ಪದರದ ರೋಲಪ್‌ಗಳಿಗೆ (ಬಹಳ ವಹಿವಾಟು ಒಟ್ಟು ಮಾಡಿ ಚೈನಿಗೆ ಹಾಕೋ ವ್ಯವಸ್ಥೆಗಳಿಗೆ) ಅದರಿಂದ ಖರ್ಚು ಬಹಳ ಇಳೀತು. ಅಷ್ಟು ದೊಡ್ಡ ಹಾರ್ಡ್ ಫೋರ್ಕ್, ಚೈನ್ ಎರಡಾಗಲಿಲ್ಲ. ತಿಂಗಳುಗಟ್ಟಲೆ ಮುಂಚೆ ದಿನ ಗೊತ್ತು ಮಾಡಿ, ಟೆಸ್ಟ್‌ನೆಟ್‌ಗಳಲ್ಲಿ ಓಡಿಸಿ, ಎಲ್ಲರನ್ನೂ ಜೊತೆಗೆ ಕರ್ಕೊಂಡು ಹೋದರು. ಇನ್ನೊಂದು, ಅಲ್ಲಿ ಗ್ಯಾಸ್ ಮಿತಿ (ಒಂದು ಬ್ಲಾಕಿನಲ್ಲಿ ಹಿಡಿಯೋ ಕೆಲಸದ ಅಳತೆ) ಹೆಚ್ಚಿಸೋಕೆ ಫೋರ್ಕೇ ಬೇಡ. ಬ್ಲಾಕ್ ಮಾಡೋರು ಪ್ರತಿ ಬ್ಲಾಕಿಗೆ 1,024ರಲ್ಲಿ ಒಂದು ಭಾಗದಷ್ಟು ಮೇಲೆ ಕೆಳಗೆ ಸರಿಸಬಹುದು. 2025ರ ಫೆಬ್ರವರಿಯಲ್ಲಿ 3 ಕೋಟಿ ಇದ್ದದ್ದು 3.6 ಕೋಟಿಗೆ ಹೋದದ್ದು ಹಾಗೆಯೇ. ಹೆಚ್ಚಿಸೋ ದಾರಿಯನ್ನು ನಿಯಮದೊಳಗೇ ಇಟ್ಟರೆ ಜಗಳವೇ ಹುಟ್ಟೋದಿಲ್ಲ.

ಸುರಪುರ_ಕೋಟೆ:
ಅಕ್ಕಾರ, ಸರಿಸೋರು ಯಾರು? ಬ್ಲಾಕ್ ಮಾಡೋರು. ಡಿಸ್ಕ್, ಡಾಟಾ ಖರ್ಚು ಹೊರೋರು ಯಾರು? ನಾವೆಲ್ಲ. ಮೊನೇರೊ ಅನ್ನೋ ಇನ್ನೊಂದು ಚೈನಿನಾಗ ಬ್ಲಾಕ್ ತಾನೇ ಹಿಗ್ಗತದ, ಆದ್ರ ದೊಡ್ಡದು ಮಾಡಿದಾಂವ ತನ್ನ ಬಹುಮಾನದಾಗ ಕಡಿತ ತಿನ್ನಬೇಕು. ಅದು ನನಗ ನ್ಯಾಯ ಅನಸ್ತದ.

ಮತ್ತೊಂದು: ಬಿಟ್‌ಕಾಯಿನ್ ಮ್ಯಾಲಿನ ಪದರ ಲೈಟ್ನಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಇಬ್ಬರ ನಡುವ ಒಂದು ಚಾನೆಲ್ ತೆಗೆದು, ಎಷ್ಟು ಸಲ ಬೇಕಾದ್ರೂ ಕೊಟ್ಟು ತಗೊಂಡು, ಕೊನೇ ಲೆಕ್ಕ ಅಷ್ಟ ಚೈನಿಗೆ. ಸೆಗ್‌ವಿಟ್ ಬಂದು ವಹಿವಾಟಿನ ಐಡಿ ಬದಲಾಗೋ ತೊಂದರಿ ಸರಿ ಆದಮ್ಯಾಗ ಅದು ಗಟ್ಟಿ ಆಯ್ತು. ನಾನು ದಿನಾ ಬಳಸೋದು ಅದನ್ನೇ.

ಭೀಮಾತೀರ:
ಲೈಟ್ನಿಂಗ್ ಒಳ್ಳೇದೇ, ಆದರೆ ಚಾನೆಲ್ ತೆಗೆಯೋಕೂ ಚೈನಿನಲ್ಲಿ ಜಾಗ ಬೇಕು. ಸೆಕೆಂಡಿಗೆ 7 ಅಂತ ಹಿಡಿದರೆ ವರ್ಷಕ್ಕೆ 22 ಕೋಟಿ ವಹಿವಾಟು. ನಮ್ಮ ದೇಶದ 140 ಕೋಟಿ ಜನಕ್ಕೆ ತಲೆಗೊಂದು ಚಾನೆಲ್ ತೆಗೆಯೋಕೇ ಆರು ವರ್ಷಕ್ಕೂ ಹೆಚ್ಚು ಬೇಕು, ಬೇರೆ ಯಾವ ವಹಿವಾಟೂ ಇಲ್ಲದೆ. ಹಾಗಾಗಿ ಕೆಳಗಿನ ಪದರದ ಕೆಲಸ ಮುಗೀತು ಅನ್ನೋಕಾಗಲ್ಲ.

ಅಕ್ಕಾರು ಹೇಳಿದ ಡೆಂಕನ್ ಉದಾಹರಣೆ ಒಪ್ತೀನಿ. ಒಪ್ಪಿಗೆ ಇದ್ದಾಗ ಹಾರ್ಡ್ ಫೋರ್ಕ್ ಕೆಟ್ಟದ್ದಲ್ಲ. ನಿಮ್ಮ ಚೈನಿನಲ್ಲಿ ಎಲ್ಲರೂ ಗೆಳೆಯರು, ಒಂದು ಫೋನ್ ಮಾಡಿದರೆ ಮುಗೀತು ಅಂದರೆ ಹಾರ್ಡ್ ಫೋರ್ಕೇ ಸರಳ. ಆದರೆ ತಮ್ಮ ಕೇಳಿದ ಪ್ರಶ್ನೆ ಫೋನ್ ಹತ್ತದವರ ಬಗ್ಗೆ.

ಇನ್ನು ಜಗಳವೇ ಇಲ್ಲದೆ ಒಡೆದ ಕತೆ, ಇದನ್ನು ನಿಮ್ಮ ವರದಿಯಲ್ಲಿ ಬರೀರಿ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ 0.8 ಆವೃತ್ತಿ ಬರ್ಕ್ಲಿ ಡಿಬಿ ಅನ್ನೋ ಡೇಟಾಬೇಸ್ ಬಿಟ್ಟು ಲೆವೆಲ್ ಡಿಬಿಗೆ ಹೋಗಿತ್ತು. ನಿಯಮ ಒಂದಕ್ಷರ ಬದಲಿಸಿರಲಿಲ್ಲ. ಆದರೆ ಹಳೇ ಡೇಟಾಬೇಸಿನಲ್ಲಿ ಲಾಕ್‌ಗಳ ಸಂಖ್ಯೆಗೆ ಒಂದು ಮಿತಿ ಇತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. 2,25,430ನೇ ಬ್ಲಾಕ್ ದೊಡ್ಡದಾಗಿ ಬಂತು. 1 ಎಂಬಿ ಒಳಗೇ ಇತ್ತು. 0.8 ಒಪ್ಪಿತು, 0.7ರ ಎಷ್ಟೋ ನೋಡ್‌ಗಳು ಒಪ್ಪಲಿಲ್ಲ. ಹೆಚ್ಚು ಹ್ಯಾಶ್ ಪವರ್ 0.8ರ ಕಡೆಗೇ ಇತ್ತು. ಆದರೂ ದೊಡ್ಡ ಮೈನಿಂಗ್ ಪೂಲ್‌ಗಳನ್ನು (ಮೈನರ್‌ಗಳ ಗುಂಪುಗಳನ್ನು) ಕೇಳಿಕೊಂಡು 0.7ಕ್ಕೆ ವಾಪಸ್ ಹೋಗುವಂತೆ ಮಾಡಿದರು. ತಮ್ಮ ಬ್ಲಾಕ್‌ಗಳ ಬಹುಮಾನ ಬಿಟ್ಟುಕೊಟ್ಟು ಅವರು ಹಿಂದೆ ಬಂದರು. ಹಿಂದುಳಿದವರು ಹೊರಗೆ ಬೀಳಬಾರದು ಅಂತ ಮುಂದೆ ಹೋದವರು ಹಿಂದಕ್ಕೆ ಬಂದ ಆ ರಾತ್ರಿಯ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಗಂಜ್_ಹುಡುಗ:
ಇದನ್ನ ಓದಿ ಲ್ಯಾಬಿನಾಗ ಎಲ್ಲರೂ ಕೂತು ಮಾತಾಡಿದೀವ್ರಿ. ನಮ್ಮ ತೀರ್ಮಾನ ಹಿಂಗ ಅದ. ಬ್ಯಾಚಿಂಗ್ ಹಾಕಿದೀವಿ, ಅದೇ ಲೋಡಿಗೆ ಮೆಂಪೂಲ್ ಈಗ ಭಾಳ ಹಗುರ ಅದ. ಸಹಿ ಬ್ಯಾರೆ ಇಡೋ ಕೋಡ್ ಬರೀಲಿಕ್ಕೆ ಹತ್ತೀವಿ. ಜಾರಿ ಮಾಡೋ ಬ್ಲಾಕ್ ಸಂಖ್ಯೆ ರಾಶಿ ಮುಗಿದು ಎಲ್ಲರೂ ವಾಪಸ್ ಬಂದ ಮ್ಯಾಗ ಬರೋಹಂಗ ಇಡ್ತೀವಿ, ಬರದಿದ್ದೋರ ನೋಡ್ ಹಳೇದೇ ಇದ್ರೂ ನಡೀತದ. ಬೀದರ್ ಮೇಡಂ ಹೇಳಿದ್ದಕ್ಕ, ಹಳೇ ನೋಡಿಗೆ ತಿಳಿಯದ ನಿಯಮ ಓಡಾಕ ಹತ್ತದ ಅಂತ ಸ್ಕ್ರೀನ್ ಮ್ಯಾಗ ಎಚ್ಚರಿಕೆ ಬರೋದು ಬೇಕು ಅಂತ ನಿರ್ಧಾರ ಮಾಡೀವಿ.

ಮಿತಿ ತಾನೇ ಸರಿಸೋದರ ಬಗ್ಗೆ ಇನ್ನೂ ಒಮ್ಮತ ಇಲ್ಲ. ಇಬ್ಬರು ಬೇಕಂತಾರ, ಶಹಾಪುರದಾಂವ ಬ್ಯಾಡಂತಾನ, ಅವಂದೂ ಮೊಬೈಲ್ ಡಾಟಾನೇ.

ಬಿದ್ರಿ_ಹೂಜಿ:
ಎಚ್ಚರಿಕೆ ಹಾಕ್ತೀರಿ ಅಂದದ್ದು ಒಳ್ಳೇದಾಯ್ತು. ಬ್ಲಾಕಿನ ಆವೃತ್ತಿ ಸಂಖ್ಯೆಯಲ್ಲಿ ತನಗೆ ಗೊತ್ತಿಲ್ಲದ ಬಿಟ್ ಸತತವಾಗಿ ಕಂಡರೆ ಎಚ್ಚರಿಸು ಅಂತ ಬರೆಯಿರಿ. ಆದರೆ ಈಗಾಗಲೇ ಊರಿನಲ್ಲಿ ಓಡ್ತಿರೋ ಆವೃತ್ತಿಯಲ್ಲಿ ಆ ಕೋಡ್ ಇಲ್ಲದಿದ್ದರೆ ಅದು ಈ ಸಲ ಕೆಲಸಕ್ಕೆ ಬರೋದಿಲ್ಲ, ಮುಂದಿನ ಬದಲಾವಣೆಗೆ ಬರುತ್ತದೆ. ಈ ಸಲ ಅವರಿಗೆ ಫೋನಿನಲ್ಲೇ ತಿಳಿಸಿ. ನೋಡ್ ಬದಲಿಸೋಕೆ ಆಗದಿದ್ದರೂ ಸುದ್ದಿ ಮುಟ್ಟಲಿ.

ಭೀಮಾತೀರ:
ಎರಡು ಕೆಲಸ ಮರೀಬೇಡಿ. ಒಂದು, ಮೈನ್ ಮಾಡೋ ನಿಮ್ಮ ಯಂತ್ರಗಳು ಹಿಂದಿನ ಬ್ಲಾಕನ್ನು ಪೂರ್ತಿ ಪರೀಕ್ಷಿಸಿಯೇ ಮುಂದಿನದಕ್ಕೆ ಹೋಗಬೇಕು. 2015ರ ಜುಲೈ 4ರಂದು ಬಿಪ್ 66 ಸಾಫ್ಟ್ ಫೋರ್ಕ್ ಜಾರಿಯಾದಾಗ ಶೇ. 95ರ ಗುರುತು ಬಂದಿತ್ತು. ಆದರೆ ಸಿದ್ಧ ಅಂತ ಗುರುತು ಹಾಕಿದ ಕೆಲವರು ಪರೀಕ್ಷೆ ಮಾಡದೆ ಬೇರೆಯವರ ಬ್ಲಾಕಿನ ಮೇಲೆ ಕಟ್ಟುತ್ತಾ ಹೋದರು. ನಿಯಮ ಮೀರಿದ ಬ್ಲಾಕಿನಿಂದ ಶುರುವಾಗಿ ಆರು ಬ್ಲಾಕ್‌ವರೆಗೆ ತಪ್ಪು ಚೈನ್ ಬೆಳೀತು. ಸಾಫ್ಟ್ ಫೋರ್ಕಿನ ಬಲವೆಲ್ಲ ಹೊಸ ನಿಯಮವನ್ನು ನಿಜಕ್ಕೂ ಜಾರಿ ಮಾಡೋ ಬಹುಮತದಲ್ಲಿದೆ. ಅದು ಸಡಿಲವಾದರೆ ಹಳೇ ನೋಡ್‌ಗಳು ತಪ್ಪು ಕಡೆ ಹೋಗ್ತಾವೆ.

ಎರಡು, ಲ್ಯಾಬಿನಲ್ಲಿ ಒಂದು ಯಂತ್ರವನ್ನು ಬೇಕಂತಲೇ ಹಳೇ ಆವೃತ್ತಿಯಲ್ಲಿ ಬಿಡಿ, ನಿಮ್ಮಲ್ಲಿರೋ ಅತಿ ಹಳೇದು ಯಾವುದೋ ಅದೇ. ಜಾರಿಯಾದ ಮೇಲೆ ಅದನ್ನು ಖಾಲಿ ಡಿಸ್ಕಿನಿಂದ ಸಿಂಕ್ ಮಾಡಿಸಿ, ಕೊನೇ ಬ್ಲಾಕಿನ ಹ್ಯಾಶ್ ಹೊಸ ನೋಡಿನದ್ದರ ಜೊತೆ ಹೋಲಿಸಿ. ಒಂದೇ ಬಂದರೆ ಆಮೇಲೆ ಆಳಂದದ ಕಡೆಯಿಂದಲೂ ಅದೇ ಹ್ಯಾಶ್ ಕೇಳಿ ತಗೊಳ್ಳಿ.

ಗಂಜ್_ಹುಡುಗ:
ಹಂಗೇ ಮಾಡ್ತೀವಿ ಅಣ್ಣಾ. ಕೋಡ್ ಆದ್ಮ್ಯಾಗ ಇಲ್ಲೇ ಹಾಕ್ತೀನಿ, ಸುರಪುರದ ಅಣ್ಣನ ಹಾಟ್‌ಸ್ಪಾಟ್ ಮ್ಯಾಗನೂ ಒಂದು ನೋಡ್ ಓಡಿಸಿ ಕೊಡ್ರಿ, ಡಾಟಾ ಎಷ್ಟು ತಿಂತದ ಅಂತ ನಮಗ ಬೇಕು.

ಸುರಪುರ_ಕೋಟೆ:
ಕಳಸು ತಮ್ಮಾ, ಓಡಸ್ತೀನಿ.